ಹೊಳೆಯ ಆ ದಡ ಯಾವ ಜಿಲ್ಲೆ?

ಹರಿಹರದ ಹೆಸರು ಹೊತ್ತಿರುವ ದೊಡ್ಡ ಕಾರ್ಖಾನೆ ಹರಿಹರದಲ್ಲಿ ಇಲ್ಲ. ಹರಿಹರ ಪಾಲಿಫೈಬರ್ಸ್ ಇರುವುದು ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣಂನಲ್ಲಿ. ಅದು ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. ಸೇತುವೆ ದಾಟಲು ಬಸ್ಸಿಗೆ ಎರಡು ನಿಮಿಷವೂ ಬೇಡ. ಆದರೆ ಆ ಎರಡು ನಿಮಿಷದಲ್ಲಿ ತಹಸೀಲ್ದಾರರು ಬದಲಾಗುತ್ತಾರೆ, ಜಿಲ್ಲಾಧಿಕಾರಿ ಬದಲಾಗುತ್ತಾರೆ, ಗಾಡಿಯ ನಂಬರಿನ ಕೆಎ 17 ಕೂಡ ಬದಲಾಗುತ್ತದೆ. ಪಿನ್ ಕೋಡಿನ ಮೊದಲ ಮೂರು ಅಂಕಿ 577 ಹೋಗಿ 581 ಬರುತ್ತದೆ. ಪಿನ್ ಕೋಡಿನ ವಿಷಯ ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಭೂಗೋಳದ ತರಗತಿಯಲ್ಲಿ ನಕ್ಷೆ ಬಿಡಿಸುವಾಗ ನೀವು ಗಡಿಯನ್ನು ಒಂದು ಗೆರೆಯಂತೆ ಎಳೆದು ಮುಗಿಸುತ್ತೀರಿ. ಬಣ್ಣ ತುಂಬಿದರೆ ಅಂಕ ಸಿಗುತ್ತದೆ. ಆ ಗೆರೆ ಅಲ್ಲಿಗೆ ಹೇಗೆ ಬಂತು, ಅದನ್ನು ಯಾರು ಸರಿಸಬಲ್ಲರು, ಸರಿಸಿದರೆ ಯಾರ ಮನೆಯಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಕೇಳುವವರು ಕಡಿಮೆ. ಈ ಸಂಚಿಕೆಯಲ್ಲಿ ಅದನ್ನೇ ಬರೆಯುತ್ತಿದ್ದೇನೆ. ಉದಾಹರಣೆಗೆ ದೂರ ಹೋಗುವುದು ಬೇಡ. ಸರಸ್ವತಿ ನಗರದಿಂದ ಹರಿಹರಕ್ಕೆ ಹೋಗಿಬರುವ ದಾರಿಯಲ್ಲೇ ಸಾಕಷ್ಟು ಇದೆ.

ಮೊದಲು ಪದಗಳು. ನಮ್ಮ ಕಾಲೇಜಿನಲ್ಲಿ ಮನೆಯಲ್ಲಿ ಉರ್ದು ಮಾತನಾಡುವ ಮಕ್ಕಳು ಹೆಚ್ಚು, ಹಾಗಾಗಿ ಇದು ನಿಮಗೆ ಬೇಗ ತಿಳಿಯುತ್ತದೆ. ಕನ್ನಡದ ಆಡಳಿತದ ಮಾತುಗಳಲ್ಲಿ ಅರ್ಧಕ್ಕರ್ಧ ಅರಬ್ಬಿ, ಫಾರಸಿಯಿಂದ ಬಂದವು. 'ಜಿಲ್ಲೆ' ಎಂದರೆ ಅರಬ್ಬಿಯಲ್ಲಿ ಪಕ್ಕೆಲುಬು ಅಥವಾ ಬದಿ. ಉರ್ದು ಗಣಿತದ ಪುಸ್ತಕದಲ್ಲಿ ತ್ರಿಭುಜದ ಬಾಹುವಿಗೂ ಇದೇ ಪದ. 'ತಾಲ್ಲೂಕು' ಎಂದರೆ ಸಂಬಂಧ. ನೀವು ಮನೆಯಲ್ಲಿ ದಿನಾ ಹೇಳುವ 'ತಅಲ್ಲುಖ್' ಅದೇ. 'ತಹಸೀಲು' ಎಂದರೆ ವಸೂಲಿ. ಹರಿಹರ ಕಸಬಾ ಹೋಬಳಿ, ದಾವಣಗೆರೆ ಕಸಬಾ ಹೋಬಳಿ ಎನ್ನುವಾಗಿನ 'ಕಸಬಾ' ಎಂದರೆ ಪೇಟೆ ಊರು. 'ಸರಹದ್ದು' ಎನ್ನುವುದರಲ್ಲಿ ಫಾರಸಿಯ 'ಸರ್', ಅರಬ್ಬಿಯ 'ಹದ್' ಎರಡೂ ಇವೆ. ಇವುಗಳ ಪಕ್ಕದಲ್ಲೇ ಗಡಿ, ಎಲ್ಲೆ, ಮೇರೆ, ಸೀಮೆ ಎಂಬ ಮಾತುಗಳು ಕೂಡ ನಡೆದಿವೆ. 'ಸೀಮೆ' ವಿಚಿತ್ರ ಪದ. ಅದಕ್ಕೆ ಗಡಿ ಎಂಬ ಅರ್ಥವೂ ಉಂಟು, ಗಡಿಯ ಒಳಗಿನ ನಾಡು ಎಂಬ ಅರ್ಥವೂ ಉಂಟು, ಸೀಮೆಎಣ್ಣೆ ಎನ್ನುವಾಗ ಹೊರದೇಶ ಎಂಬ ಅರ್ಥವೂ ಬರುತ್ತದೆ.

ಇನ್ನು ಹೊಳೆಯ ಗೆರೆಗೆ ಬರೋಣ. ಅದಕ್ಕೆ ಇನ್ನೂರು ವರ್ಷಕ್ಕೂ ಹೆಚ್ಚು ವಯಸ್ಸು. 1799ರಲ್ಲಿ ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಅವರ ರಾಜ್ಯವನ್ನು ಹಂಚಲಾಯಿತು. ಒಡೆಯರ ಮನೆತನಕ್ಕೆ ಉಳಿದ ಮೈಸೂರಿಗೆ ಈ ಭಾಗದಲ್ಲಿ ತುಂಗಭದ್ರೆಯೇ ಮೇರೆಯಾಯಿತು. ಹರಿಹರ ಇರುವುದು ಹೊಳೆಯ ಬಲದಂಡೆಯಲ್ಲಿ, ಆದ್ದರಿಂದ ಅದು ಮೈಸೂರಿಗೆ ಬಂತು. ಎಡದಂಡೆಯ ಧಾರವಾಡ ಸೀಮೆ ಮರಾಠರಲ್ಲಿತ್ತು. 1818ರ ಹೊತ್ತಿಗೆ ಪೇಶ್ವೆಯ ಆಡಳಿತ ಮುಗಿದು ಅದು ಕಂಪನಿಯ ಕೈಗೆ ಹೋಗಿ ಮುಂಬೈ ಪ್ರೆಸಿಡೆನ್ಸಿಯ ಭಾಗವಾಯಿತು. ಹರಿಹರದಿಂದ ಉತ್ತರಕ್ಕೆ ಹರಪನಹಳ್ಳಿ ಸೀಮೆ ಇದೆ. ಹೈದರಾಬಾದಿನ ನಿಜಾಮರು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳ ಸಾಲಿನಲ್ಲಿ ಬಳ್ಳಾರಿ ಇತ್ತು. ಹರಪನಹಳ್ಳಿ ಹೀಗೆ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತು.

ಅಂದರೆ ಹರಿಹರ ತಾಲ್ಲೂಕು ಮೂರು ಸರ್ಕಾರಗಳು ಕೂಡುವ ಮೂಲೆಯಾಗಿತ್ತು. ಈಚೆ ದಡ ಮೈಸೂರು, ಆಚೆ ದಡ ಮುಂಬೈ, ಉತ್ತರಕ್ಕೆ ಮದ್ರಾಸ್. ಹೊಳೆಯ ಗುಂಟ ಇನ್ನಷ್ಟು ಕೆಳಗೆ ಹೋದರೆ ಕೊಪ್ಪಳದ ಕಡೆ ನಿಜಾಮರ ಹೈದರಾಬಾದ್. ನಾಲ್ಕೂ ಕಡೆ ಜನರ ಮಾತು ಕನ್ನಡ, ಆದರೆ ಕಚೇರಿಯ ಕಾಗದ ನಾಲ್ಕು ದಿಕ್ಕಿಗೆ ಹೋಗುತ್ತಿತ್ತು: ಮೈಸೂರು, ಮುಂಬೈ, ಮದ್ರಾಸು, ಹೈದರಾಬಾದು. ಇವುಗಳ ನಡುವೆ ಸವಣೂರಿನ ನವಾಬರ ಸಂಸ್ಥಾನ, ಘೋರ್ಪಡೆಯವರ ಸಂಡೂರು ಸಂಸ್ಥಾನದಂಥ ಚಿಕ್ಕ ಚಿಕ್ಕ ತುಂಡುಗಳೂ ಇದ್ದವು.

ಗಡಿಯಲ್ಲಿರುವುದು ಬರೀ ತೊಂದರೆ ಎಂದುಕೊಳ್ಳಬೇಡಿ. ನಮ್ಮ ದಾವಣಗೆರೆ ಪೇಟೆಯಾಗಿ ಬೆಳೆದದ್ದಕ್ಕೆ ಒಂದು ಕಾರಣ ಈ ಜಾಗವೇ. ಮೊದಲು ಇದು ಬೇತೂರಿಗೆ ಸೇರಿದ ಸಣ್ಣ ಹಳ್ಳಿ. ಹೈದರ್ ಅಲಿ ಇದನ್ನು ಅಪ್ಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ ಮೇಲೆ ಆತ ವ್ಯಾಪಾರಿಗಳನ್ನು ಕರೆದು ನೆಲೆಗೊಳಿಸಿದನೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಮಲೆನಾಡಿನ ಅಡಿಕೆ, ಬಯಲುಸೀಮೆಯ ಹತ್ತಿ ಮತ್ತು ಕಂಬಳಿ ಇಲ್ಲಿ ಕೈ ಬದಲಾಯಿಸುತ್ತಿದ್ದವು. ಹೊಳೆಗೆ 1868ರಲ್ಲಿ ಕಲ್ಲುಕಮಾನುಗಳ ಸೇತುವೆ ಬಂತು. ಬೆಂಗಳೂರಿನಿಂದ ಹೊರಟ ರೈಲುದಾರಿ 1880ರ ದಶಕದ ಕೊನೆಗೆ ಹರಿಹರ ತಲುಪಿತು. ಸೇತುವೆ, ರೈಲು ಎರಡೂ ಗಡಿಯನ್ನು ದಾಟಿದವು. ಗಡಿ ಮಾತ್ರ ಕದಲಲಿಲ್ಲ.

ನನ್ನ ತಾಯಿಯ ತವರು ರಾಣೆಬೆನ್ನೂರು ಕಡೆ. ನಾನಿಯ ಇಬ್ಬರು ಅಣ್ಣಂದಿರಲ್ಲಿ ಒಬ್ಬರು ಅಲ್ಲೇ ಓದಿ 'ಮುಲ್ಕಿ' ಪರೀಕ್ಷೆ ಪಾಸಾದವರು. ಇನ್ನೊಬ್ಬರು ಹರಿಹರದ ನೆಂಟರ ಮನೆಯಲ್ಲಿದ್ದು 'ಎಲ್.ಎಸ್.' ಅಂದರೆ ಲೋವರ್ ಸೆಕೆಂಡರಿ ಪಾಸಾದವರು. ಒಂದೇ ತಾಯಿಯ ಮಕ್ಕಳು, ನಡುವೆ ಒಂದು ಹೊಳೆ, ಎರಡು ಬೇರೆ ಸರ್ಕಾರದ ಸರ್ಟಿಫಿಕೇಟು. ಯಾವುದು ಹೆಚ್ಚಿನದು ಎಂದು ಮುದುಕರಾಗುವವರೆಗೂ ಇಬ್ಬರೂ ವಾದ ಮಾಡುತ್ತಿದ್ದರಂತೆ. ನಾನಿ ಹರಿಹರಕ್ಕೆ ಬರುವುದನ್ನು ಕೊನೆಯವರೆಗೂ 'ಮೈಸೂರಿಗೆ ಹೋಗಿ ಬರ್ತೀನಿ' ಎಂದೇ ಹೇಳುತ್ತಿದ್ದರು. ಮೈಸೂರು ನಗರವನ್ನು ಅವರು ನೋಡಿಯೇ ಇರಲಿಲ್ಲ.

ಸ್ವಾತಂತ್ರ್ಯದ ನಂತರ ಈ ಗೆರೆಗಳು ಅಲುಗಾಡಿದವು. ಮೊದಲ ಸುತ್ತು 1953ರದು. ಆ ವರ್ಷ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದಿಂದ ಆಂಧ್ರ ಬೇರೆಯಾಯಿತು. ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಹೊಸಪೇಟೆ, ಸಂಡೂರು, ಸಿರುಗುಪ್ಪ ಮೈಸೂರಿಗೆ ಬಂದವು. ಜಗಳ ಉಳಿದದ್ದು ಬಳ್ಳಾರಿ ತಾಲ್ಲೂಕಿನ ಮೇಲೆ. ಅಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಟ್ಟಿಗೆ ಇದ್ದವು. ಎಲ್.ಎಸ್. ಮಿಶ್ರಾ ಅವರ ವಿಚಾರಣೆಯ ನಂತರ ಅದೂ ಮೈಸೂರಿಗೆ ಸೇರಿತು. ಆ ದಿನಗಳ ಗಲಾಟೆಯಲ್ಲಿ ಪ್ರಾಣ ಕೊಟ್ಟ ಬಳ್ಳಾರಿಯ ಪೈಲ್ವಾನ್ ರಂಜಾನ್ ಸಾಬ್ ಅವರನ್ನು ಏಕೀಕರಣದ ಹುತಾತ್ಮರೆಂದು ನೆನೆಯುತ್ತಾರೆ. ನವೆಂಬರ್ ತಿಂಗಳ ಭಾಷಣಗಳಲ್ಲಿ ಆಲೂರು ವೆಂಕಟರಾಯರ ಹೆಸರು ಬರುತ್ತದೆ, ಬರಲೇಬೇಕು. ಈ ಹೆಸರನ್ನೂ ನಮ್ಮ ಮಕ್ಕಳು ಹೇಳಲಿ ಎಂಬುದು ನನ್ನ ಆಸೆ.

ಎರಡನೆಯ ಸುತ್ತು ನಿಮಗೆಲ್ಲ ಗೊತ್ತಿರುವುದೇ. ಫಜಲ್ ಅಲಿ ಅಧ್ಯಕ್ಷರು, ಎಚ್.ಎನ್. ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಸದಸ್ಯರಾಗಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಹುಟ್ಟಿತು. ಮುಂಬೈನಿಂದ ಧಾರವಾಡ, ಬಿಜಾಪುರ, ಉತ್ತರ ಕನ್ನಡ, ಚಂದಗಡ ತಾಲ್ಲೂಕು ಬಿಟ್ಟು ಬೆಳಗಾವಿ, ಹೈದರಾಬಾದಿನಿಂದ ಗುಲ್ಬರ್ಗಾ, ರಾಯಚೂರು, ಬೀದರ್‌ಗಳ ಬಹುಭಾಗ, ಮದ್ರಾಸಿನಿಂದ ಕಾಸರಗೋಡು ತಾಲ್ಲೂಕು ಬಿಟ್ಟು ದಕ್ಷಿಣ ಕನ್ನಡ, ಜೊತೆಗೆ ಕೊಳ್ಳೇಗಾಲ, ಮತ್ತು ಕೊಡಗು. ಹರಿಹರದ ಸೇತುವೆ ಅಂದು ರಾಜ್ಯದ ಗಡಿಯಿಂದ ಜಿಲ್ಲೆಯ ಗಡಿಗೆ ಇಳಿಯಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರಲು 1973ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ಇಲ್ಲಿ ಒಂದು ಪ್ರಶ್ನೆಯ ಮೇಲೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಪಠ್ಯದಲ್ಲಿ ಇದನ್ನು ಬೇಗ ದಾಟಿಬಿಡುತ್ತೇವೆ. ಭಾಷೆಯ ಆಧಾರದ ಮೇಲೆ ಗಡಿ ಎಳೆಯುವುದಾದರೆ ಯಾವುದನ್ನು ಒಂದು ಘಟಕ ಎಂದು ಹಿಡಿಯಬೇಕು? ಜಿಲ್ಲೆಯನ್ನೋ, ತಾಲ್ಲೂಕನ್ನೋ, ಹಳ್ಳಿಯನ್ನೋ? ಘಟಕ ಬದಲಾದರೆ ಉತ್ತರವೂ ಬದಲಾಗುತ್ತದೆ. ಒಂದು ಜಿಲ್ಲೆಯಲ್ಲಿ ಒಟ್ಟು ಲೆಕ್ಕಕ್ಕೆ ಕನ್ನಡದವರು ಹೆಚ್ಚಿರಬಹುದು. ಅದೇ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಮರಾಠಿಯವರು ಹೆಚ್ಚಿರಬಹುದು. ಆ ತಾಲ್ಲೂಕಿನ ಹತ್ತಾರು ಹಳ್ಳಿಗಳಲ್ಲಿ ಮತ್ತೆ ಕನ್ನಡದವರೇ ಹೆಚ್ಚಿರಬಹುದು. ಫಜಲ್ ಅಲಿ ಆಯೋಗ ಸಾಮಾನ್ಯವಾಗಿ ಜಿಲ್ಲೆಯನ್ನು ಹಿಡಿಯಿತು, ಕೆಲವು ಕಡೆ ತಾಲ್ಲೂಕಿಗೆ ಇಳಿಯಿತು. ಆಂಧ್ರ ಮತ್ತು ಮದ್ರಾಸ್ ನಡುವಿನ ತಕರಾರಿನಲ್ಲಿ ಪಾಟಸ್ಕರ್ ಸೂತ್ರ ಹಳ್ಳಿಯನ್ನೇ ಘಟಕ ಮಾಡಿತು. ಮಹಾರಾಷ್ಟ್ರ ಬೆಳಗಾವಿಯ ವಿಷಯದಲ್ಲಿ ಹಳ್ಳಿಯ ಲೆಕ್ಕವನ್ನೇ ಕೇಳುತ್ತದೆ. ಅದು ಕೇಳಿದ್ದು 814 ಹಳ್ಳಿ. 1966ರಲ್ಲಿ ನೇಮಕವಾದ ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟು 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ 247 ಹಳ್ಳಿಗಳನ್ನು ನಮ್ಮ ರಾಜ್ಯಕ್ಕೂ ಕೊಡಬಹುದು, ಬೆಳಗಾವಿ ನಗರ ಇಲ್ಲೇ ಇರಲಿ, ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಈ ಕಡೆ ಬರಲಿ ಎಂದಿತು. ಒಂದೂ ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು.

ಭಾಷೆಯ ಲೆಕ್ಕ ಬರುವುದು ಜನಗಣತಿಯಿಂದ. ಗಣತಿಯವರು 'ಮಾತೃಭಾಷೆ' ಎಂಬ ಕಾಲಮ್ಮಿನಲ್ಲಿ ಒಂದೇ ಹೆಸರು ಬರೆಯುತ್ತಾರೆ. ಈಗ ನಿಮ್ಮ ಮನೆಯನ್ನೇ ನೋಡಿ. ಅಮ್ಮಿಯ ಜೊತೆ ದಖನಿ, ಅಂಗಡಿಯಲ್ಲಿ ಕನ್ನಡ, ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಮಂಡಕ್ಕಿ ಮಿರ್ಚಿ ಕೊಳ್ಳುವಾಗ ಒಂದು ಭಾಷೆ, ನಿಕಾಹ್ ಮಾತುಕತೆಗೆ ಇನ್ನೊಂದು. ಗಣತಿಯಲ್ಲಿ ಅದು ಉರ್ದು ಎಂದಾಗುತ್ತದೆ, ಸರಿಯೇ. ಆದರೆ ಬಳ್ಳಾರಿಯಂಥ ಕಡೆ, ಕನ್ನಡ ಮತ್ತು ತೆಲುಗಿನ ತಕ್ಕಡಿ ಸಮವಾಗಿ ತೂಗುವಾಗ, ಎರಡೂ ಕಾಲಮ್ಮಿಗೆ ಸೇರದ ಇಂಥ ಮನೆಗಳು ಯಾವ ಕಡೆಯವು? ಅವರು ವ್ಯವಹಾರ ಮಾಡುವುದು ಯಾವ ಪೇಟೆಯಲ್ಲಿ, ಮಕ್ಕಳನ್ನು ಕಳಿಸುವುದು ಯಾವ ಶಾಲೆಗೆ ಎಂಬುದನ್ನು ಕಾಲಮ್ಮು ಹೇಳುವುದಿಲ್ಲ. ಗಡಿಯ ಬಗ್ಗೆ ತೀರ್ಪು ಕೊಡುವವರು ಬರೀ ತಲೆ ಎಣಿಸಿದರೆ ಸಾಲದು ಎಂದು ನಾನು ತಿಳಿದಿರುವುದು ಇದಕ್ಕೇ.

ಗೆರೆಯನ್ನು ಸರಿಸುವ ಅಧಿಕಾರ ಯಾರದು ಎಂಬುದು ಪರೀಕ್ಷೆಗೂ ಬೇಕಾದ ವಿಷಯ. ರಾಜ್ಯದ ಗಡಿಯಾದರೆ ಸಂವಿಧಾನದ 3ನೇ ವಿಧಿ. ರಾಷ್ಟ್ರಪತಿಗಳ ಶಿಫಾರಸಿನ ಮೇಲೆ ಸಂಸತ್ತಿನಲ್ಲಿ ಮಸೂದೆ ಬರಬೇಕು, ಸಂಬಂಧಪಟ್ಟ ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು. ಅಭಿಪ್ರಾಯ ಕೇಳಬೇಕು ಅಷ್ಟೇ, ಒಪ್ಪಿಗೆ ಬೇಕಿಲ್ಲ. ಸರಳ ಬಹುಮತ ಸಾಕು, ಇದು ಸಂವಿಧಾನದ ತಿದ್ದುಪಡಿ ಎನಿಸುವುದಿಲ್ಲ ಎಂದು 4ನೇ ವಿಧಿ ಹೇಳುತ್ತದೆ. ಜಿಲ್ಲೆ, ತಾಲ್ಲೂಕಿನ ಗಡಿಗೆ ಇಷ್ಟೆಲ್ಲ ಬೇಡ. ರಾಜ್ಯ ಸರ್ಕಾರ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಪ್ರಕಾರ ಮೊದಲು ಕರಡು ಪ್ರಕಟಿಸಿ, ಜನರ ಆಕ್ಷೇಪಣೆ ಕೇಳಿ, ಆಮೇಲೆ ಅಧಿಸೂಚನೆ ಹೊರಡಿಸಿದರೆ ಆಯಿತು.

ನಮ್ಮ ಜಿಲ್ಲೆ ಬಂದದ್ದು ಹೀಗೇ. ಚನ್ನಗಿರಿ ತಾಲ್ಲೂಕಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ರಂದು. ಅದೇ ವರ್ಷ ಏಳು ಹೊಸ ಜಿಲ್ಲೆ ಆದವು, ಆಚೆ ದಡದ ಹಾವೇರಿಯೂ ಅದರಲ್ಲಿ ಒಂದು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ಹರಪನಹಳ್ಳಿ. ಮೂರು ಮನೆಯ ಮಕ್ಕಳನ್ನು ಒಂದು ಮನೆಗೆ ತಂದಂತೆ. ಹರಪನಹಳ್ಳಿಯವರಿಗೆ ಇದರಿಂದ ಅನುಕೂಲವೇ ಆಗಿತ್ತು. ಅಲ್ಲಿಂದ ದಾವಣಗೆರೆಗೆ ಸುಮಾರು 50 ಕಿಲೋಮೀಟರ್, ಬಳ್ಳಾರಿಗೆ ಅದರ ಎರಡು ಪಟ್ಟಿಗೂ ಹೆಚ್ಚು. ಆಸ್ಪತ್ರೆಗೆ, ಕಾಲೇಜಿಗೆ, ಮದುವೆಯ ಬಟ್ಟೆಗೆ ಅವರು ಮೊದಲಿಂದಲೂ ಇಲ್ಲಿಗೇ ಬರುತ್ತಿದ್ದವರು.

ಹಾಗಿದ್ದರೂ 2018ರಲ್ಲಿ ಹರಪನಹಳ್ಳಿ ದಾವಣಗೆರೆಯನ್ನು ಬಿಟ್ಟು ಬಳ್ಳಾರಿಗೆ ವಾಪಸ್ಸು ಹೋಯಿತು. ಕಾರಣ 371 (ಜೆ) ವಿಧಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿ ಹೈದರಾಬಾದ್ ಕರ್ನಾಟಕದ ಜನರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲು ಕೊಡುತ್ತದೆ. 2013ರ ಆದೇಶದಂತೆ ಆ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ಅಲ್ಲಿಯವರಿಗೆ. ಬಳ್ಳಾರಿ ಜಿಲ್ಲೆ ಇದರ ಒಳಗೆ ಇತ್ತು. ಬಳ್ಳಾರಿ 1800ರ ನಂತರ ಹೈದರಾಬಾದಿನಲ್ಲಿ ಇರಲೇ ಇಲ್ಲ, ಮದ್ರಾಸಿನಲ್ಲಿತ್ತು ಎಂದು ಈಗಷ್ಟೇ ಓದಿದಿರಿ. ಹಿಂದುಳಿದ ಪ್ರದೇಶವೆಂಬ ಕಾರಣಕ್ಕೆ ಅದು ಆ ಗುಂಪಿಗೆ ಸೇರಿದ್ದು. 2019ರಲ್ಲಿ ಆ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು. ಹರಪನಹಳ್ಳಿ ಮಾತ್ರ 1997ರಲ್ಲಿ ದಾವಣಗೆರೆಗೆ ಬಂದಿದ್ದರಿಂದ ಹೊರಗೆ ಉಳಿಯಿತು. ಪಕ್ಕದ ಹಡಗಲಿಯ ಹುಡುಗನಿಗೆ ಸಿಗುವ ಸೀಟು ತನಗಿಲ್ಲ ಎಂದಾಗ ಅಲ್ಲಿಯವರು ಹೋರಾಟ ಮಾಡಿದರು. ಹತ್ತಿರದ ಜಿಲ್ಲಾ ಕೇಂದ್ರವನ್ನು ಬಿಟ್ಟು ದೂರದ್ದನ್ನು ಬೇಡಿ ಪಡೆದರು. ಕಿಲೋಮೀಟರಿನ ಲೆಕ್ಕಕ್ಕಿಂತ ಸೀಟಿನ ಲೆಕ್ಕ ಅವರಿಗೆ ದೊಡ್ಡದಾಗಿತ್ತು, ಮಕ್ಕಳಿರುವ ಯಾರಿಗಾದರೂ ಅದು ಅರ್ಥವಾಗುತ್ತದೆ. 2021ರಲ್ಲಿ ಬಳ್ಳಾರಿಯೂ ಒಡೆದು ಹೊಸಪೇಟೆ ಕೇಂದ್ರವಾಗಿ ವಿಜಯನಗರ ಎಂಬ 31ನೇ ಜಿಲ್ಲೆ ಆಯಿತು, ಹರಪನಹಳ್ಳಿ ಅದಕ್ಕೆ ಹೋಯಿತು. ಒಂದೇ ಊರು, 25 ವರ್ಷದೊಳಗೆ ಮೂರು ಸಲ ಜಿಲ್ಲೆಯ ಹೆಸರು ಬದಲಿಸಿ ಬರೆಯಿತು: ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ವಿಜಯನಗರ. ಪಿನ್ ಕೋಡು ಮಾತ್ರ ಉದ್ದಕ್ಕೂ 583ರಿಂದಲೇ ಶುರು. ಅಂಚೆ ಇಲಾಖೆ ಜಿಲ್ಲೆಯ ಹಿಂದೆ ಓಡಲಿಲ್ಲ.

ಇದು ನಮ್ಮ ಕಾಲೇಜಿನ ಬೆಂಚಿನ ಮೇಲೂ ಕಾಣುತ್ತದೆ. ಹರಪನಹಳ್ಳಿ ತಾಲ್ಲೂಕಿನಿಂದ ಬರುವ ವಿದ್ಯಾರ್ಥಿನಿ, ಪಕ್ಕದಲ್ಲಿ ಜಗಳೂರಿನ ಹುಡುಗಿ. ಇಬ್ಬರ ಊರಿನಲ್ಲೂ ಅದೇ ಬಯಲು, ಅದೇ ಬರ, ಅದೇ ಮೆಕ್ಕೆಜೋಳ. ಸಿಇಟಿ ಅರ್ಜಿಯಲ್ಲಿ ಒಬ್ಬಳು 371 (ಜೆ) ಎಂದು ಗುರುತು ಹಾಕಬಹುದು, ಇನ್ನೊಬ್ಬಳು ಹಾಕುವಂತಿಲ್ಲ. ಆ ಕಡೆಯ ಮಕ್ಕಳಿಗೆ ಒಂದು ಮಾತು: ಇಲ್ಲಿ ದಾವಣಗೆರೆಯಲ್ಲಿ ಓದಿದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಹುಟ್ಟಿದ ಊರು, ನೆಲೆಸಿದ ವರ್ಷ, ತಂದೆತಾಯಿಯ ಊರು ಇವುಗಳ ಮೇಲೆ ಅದು ನಿಂತಿದೆ. ಅರ್ಹತಾ ಪ್ರಮಾಣ ಪತ್ರವನ್ನು ಅರ್ಜಿಯ ಕೊನೇ ದಿನದವರೆಗೆ ಬಿಡದೆ ಈಗಲೇ ಮಾಡಿಸಿಕೊಳ್ಳಿ.

ಇನ್ನೊಂದು ಗಂಟು ಇದೆ. ಹರಪನಹಳ್ಳಿಯ ಮತದಾರರು ಲೋಕಸಭೆಗೆ ಮತ ಹಾಕುವುದು ದಾವಣಗೆರೆ ಕ್ಷೇತ್ರಕ್ಕೆ. ಕ್ಷೇತ್ರಗಳ ಗಡಿಯನ್ನು 2008ರಲ್ಲಿ ಹೊಸದಾಗಿ ಗೊತ್ತುಮಾಡಿದಾಗ ತಾಲ್ಲೂಕು ನಮ್ಮ ಜಿಲ್ಲೆಯಲ್ಲಿತ್ತು. ಜಿಲ್ಲೆಯ ಗಡಿ ಸರಿದರೂ ಕ್ಷೇತ್ರದ ಗಡಿ ಸರಿಯಲಿಲ್ಲ. ಕಂದಾಯದ ಗಡಿ, ಚುನಾವಣೆಯ ಗಡಿ, ಅಂಚೆಯ ಗಡಿ, ಇವು ಬೇರೆ ಬೇರೆ ಗೆರೆಗಳು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಉಚ್ಚಂಗಿದುರ್ಗಕ್ಕೆ ಪ್ರವಾಸ ಹೋಗುವ ನಮ್ಮ ಮಕ್ಕಳು ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಬೇರೆ ಜಿಲ್ಲೆಗೆ ಹೋಗುತ್ತಾರೆ, ಆದರೆ ಸಂಸದರು ಅವರೇ.

ಹೊಳೆಯನ್ನು ಗಡಿ ಮಾಡುವುದು ಸುಲಭವೆಂದು ಕಾಣುತ್ತದೆ. ಗೋಡೆ ಬೇಡ, ಕಲ್ಲು ಬೇಡ. ತೊಡಕು ಏನೆಂದರೆ ಹೊಳೆ ಒಂದೇ ಕಡೆ ನಿಲ್ಲುವುದಿಲ್ಲ. ಗೆರೆ ಇರುವುದು ನೀರಿನ ನಟ್ಟನಡುವೆಯೋ, ಆಳವಾದ ಹರಿವಿನ ಮೇಲೆಯೋ? ದೇಶದೇಶಗಳ ನಡುವಿನ ರೂಢಿಯಲ್ಲಿ ದೋಣಿ ಓಡಾಡುವ ನದಿಗೆ ಆಳದ ಹರಿವೇ ಗಡಿ. ನದಿ ವರ್ಷ ವರ್ಷ ನಿಧಾನವಾಗಿ ದಡ ಕೊರೆದರೆ ಗಡಿಯೂ ಅದರ ಜೊತೆ ಸರಿಯುತ್ತದೆ. ಒಂದೇ ನೆರೆಗೆ ದಿಢೀರನೆ ಹೊಸ ಪಾತ್ರ ಹಿಡಿದರೆ ಗಡಿ ಹಳೆಯ ಪಾತ್ರದಲ್ಲೇ ಉಳಿಯುತ್ತದೆ. ನಮ್ಮಲ್ಲಿ ಹಳ್ಳಿಯ ಮಟ್ಟಕ್ಕೆ ಇಳಿದರೆ ತೀರ್ಮಾನ ಹೇಳುವುದು ಸರ್ವೆ ಇಲಾಖೆಯ ಗ್ರಾಮ ನಕಾಶೆ ಮತ್ತು ಬಾಂದುಕಲ್ಲು. ಮನೆಯ ಕ್ರಯಪತ್ರ ತೆಗೆದು ನೋಡಿ, 'ಚಕ್ಕುಬಂದಿ' ಎಂಬ ಕಡೆ ಪೂರ್ವಕ್ಕೆ ಇಂಥವರ ಜಾಗ, ಪಶ್ಚಿಮಕ್ಕೆ ರಸ್ತೆ ಎಂದು ನಾಲ್ಕು ದಿಕ್ಕು ಬರೆದಿರುತ್ತದೆ. ರಾಜ್ಯದ ಗಡಿಯೂ ಕೊನೆಗೆ ಇಂಥ ಸಾವಿರಾರು ಹೊಲಗಳ ಚಕ್ಕುಬಂದಿಯ ಮೇಲೇ ನಿಂತಿರುವುದು.

ಬೇರೆ ಕಡೆ ಹೀಗಿಲ್ಲ. ಅಮೆರಿಕದ ಕೊಲೊರಾಡೊ ರಾಜ್ಯದ ಗಡಿ 37 ಮತ್ತು 41ನೇ ಅಕ್ಷಾಂಶಗಳ ನಡುವೆ ಸ್ಕೇಲು ಇಟ್ಟು ಎಳೆದಂತಿದೆ. ದೂರದಲ್ಲಿ ಕುಳಿತವರು ಎಳೆದ ಗೆರೆ ಅದು, ಅಲ್ಲಿದ್ದ ಮೂಲನಿವಾಸಿಗಳನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ. ನಮ್ಮ ನಕ್ಷೆಯಲ್ಲಿ ಪಾವಗಡವನ್ನು ನೋಡಿ. ತುಮಕೂರು ಜಿಲ್ಲೆಯ ತಾಲ್ಲೂಕಾದರೂ ಹೆಚ್ಚುಕಡಿಮೆ ಎಲ್ಲ ಕಡೆಯಿಂದ ಆಂಧ್ರ ಅದನ್ನು ಸುತ್ತುವರಿದಿದೆ. ಸುತ್ತಲಿನ ಅನಂತಪುರದ ಸೀಮೆ ಕಂಪನಿಗೆ ಹೋಗಿ ಪಾವಗಡ ಮೈಸೂರಿಗೆ ಉಳಿದದ್ದರ ಗುರುತು ಅದು, ಇಂದಿಗೂ ಹಾಗೇ ಇದೆ.

ಈ ತಿಂಗಳ ಚಟುವಟಿಕೆ: ಮನೆಯ ಹಿರಿಯರಲ್ಲಿ 1997ಕ್ಕೆ ಮೊದಲು ಕೊಟ್ಟ ಯಾವುದಾದರೂ ಕಾಗದ ಕೇಳಿ. ಪಡಿತರ ಚೀಟಿ, ಶಾಲೆಯ ಟಿ.ಸಿ., ಪಹಣಿ, ಯಾವುದಾದರೂ ನಡೆಯುತ್ತದೆ. ಅದರಲ್ಲಿ ಜಿಲ್ಲೆ ಎಂಬ ಕಡೆ ಏನು ಬರೆದಿದೆ ನೋಡಿ. ನಂತರ ನಕ್ಷೆಯಲ್ಲಿ ಇಂದಿನ ದಾವಣಗೆರೆ ಜಿಲ್ಲೆಯ ಆರು ತಾಲ್ಲೂಕುಗಳನ್ನು, ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿಯನ್ನು ಮರೆಯದೆ, ಗುರುತಿಸಿ. ಹಳೆಯ ಚಿತ್ರದುರ್ಗದಿಂದ ಬಂದದ್ದಕ್ಕೆ ಒಂದು ಬಣ್ಣ, ಶಿವಮೊಗ್ಗದಿಂದ ಬಂದದ್ದಕ್ಕೆ ಇನ್ನೊಂದು. ಹರಪನಹಳ್ಳಿಗೆ ಚುಕ್ಕೆ ಗೆರೆ ಹಾಕಿ. ಕಾಗದದ ನಕಲು ತಂದರೆ ಸಾಕು, ಅಸಲನ್ನು ಮನೆಯಲ್ಲೇ ಬಿಡಿ.